ಮಂದ ಬೆಳಕಿನಲ್ಲಿ ಓಡುವ ಕಾರಿನ ಫೋಟೊ

(ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ, "ನೀವು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ, ಮಕ್ಕಳಿಗೆ ಅದರ ಬಗ್ಗೆ ನಾಲ್ಕು ಮಾತು ಹೇಳಿ" ಎಂದಿದ್ದರು. ನಾನು ಒಪ್ಪಿಕೊಂಡಿದ್ದೆ. ಆದರೆ ನಿನ್ನೆ ಸಂಜೆ ಇದೇ ಸಭಾಂಗಣದಲ್ಲಿ ಮಕ್ಕಳು ತಾವೇ ಮಾಡಿದ ಆಟದ ಕಾರುಗಳ ಓಟ ನಡೆಯಿತು. ಅದರ ಫೋಟೊ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಹೊರಗೆ ಮೋಡ, ಒಳಗೆ ನಾಲ್ಕು ಟ್ಯೂಬ್‌ಲೈಟು, ಅದರಲ್ಲಿ ಒಂದು ಮಿಣುಕುತ್ತಿತ್ತು. ಫೋಟೊ ತೆಗೆಯುತ್ತಾ ನನಗೆ ಇಪ್ಪತ್ತು ವರ್ಷ ಹಿಂದಿನ ಒಂದು ಸಾಲ ನೆನಪಾಯಿತು. ಹಾಗಾಗಿ ಇವತ್ತು ಸಾಫ್ಟ್‌ವೇರ್ ಬೇಡ. ಕತ್ತಲೆ ಕೋಣೆಯಲ್ಲಿ ಓಡುವ ಕಾರಿನ ಫೋಟೊ ತೆಗೆಯುವುದು ಹೇಗೆ ಎಂದು ಹೇಳುತ್ತೇನೆ. ಆ ಸಾಲದ ವಿಷಯವನ್ನೂ ಹೇಳುತ್ತೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನನ್ನ ಬೆಂಚಿನ ಗೆಳೆಯ ಒಂದು ಕಾರು ಮಾಡಿದ. ಮೈ ಅಡಿಕೆ ಹಾಳೆಯದ್ದು. ಚಕ್ರಗಳು ಹಳೆಯ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿದ್ದು. ಅಚ್ಚು ಮುರಿದ ಕೊಡೆಯ ಕಡ್ಡಿ. ಓಡಿಸುವ ಶಕ್ತಿ ಸೈಕಲ್ ಟ್ಯೂಬಿನಿಂದ ಕೊಯ್ದ ಒಂದು ಪಟ್ಟಿ. ಪಟ್ಟಿಯನ್ನು ಅಚ್ಚಿಗೆ ಸುತ್ತಿ ಬಿಟ್ಟರೆ ಕಾರು ಆರು ಮೀಟರನ್ನು ಎರಡು ಸೆಕೆಂಡಿನಲ್ಲಿ ದಾಟುತ್ತಿತ್ತು. ನಮ್ಮ ವಿಜ್ಞಾನದ ಮಾಸ್ಟ್ರು ಗಡಿಯಾರ ಹಿಡಿದು ನೋಡಿದ್ದರು. ಆ ಕಾರನ್ನು ಬೇರೆ ಊರಿನಲ್ಲಿ ನಡೆದ ಒಂದು ವಿಜ್ಞಾನ ಪ್ರದರ್ಶನಕ್ಕೆ ಕೊಂಡುಹೋದೆವು. ಆಟಿ ತಿಂಗಳ ಮಳೆ. ಕಿಟಕಿಗಳನ್ನೆಲ್ಲ ಮುಚ್ಚಿದ್ದರು.

ನನ್ನ ಕೈಯಲ್ಲಿ ಮಾವನ ಹಳೆಯ ರೀಲು ಕ್ಯಾಮೆರಾ ಇತ್ತು. ಅದಕ್ಕೆ ಫ್ಲ್ಯಾಷ್ ಇರಲಿಲ್ಲ. ಮಾವ ಹೇಳಿಕೊಟ್ಟಿದ್ದರು: "ಒಳಗೆ ಬೆಳಕು ಕಡಿಮೆ ಇರ್ತದೆ. ಈ ಚಕ್ರವನ್ನು 15ರಲ್ಲಿ ಇಡು. ಕೈ ಅಲ್ಲಾಡಿಸಬೇಡ." ರೀಲಿನಲ್ಲಿ ಉಳಿದದ್ದು ನಾಲ್ಕೇ ಫೋಟೊ. ಕಾರು ಓಡಿದ ನಾಲ್ಕು ಸಲವೂ ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ.

ಗೆಳೆಯನ ಅಮ್ಮ ಪ್ರದರ್ಶನಕ್ಕೆ ಬಂದಿರಲಿಲ್ಲ. ಆ ದಿನ ಅವರಿಗೆ ಕೂಲಿ ಕೆಲಸವಿತ್ತು. ಕಾರು ವಾಪಸು ಬರುವಾಗ ಮಳೆಗೆ ನೆನೆದು ಹಾಳೆ ಮುದುಡಿಹೋಯಿತು. ಮನೆಗೆ ತಲುಪಿದ್ದು ಬಹುಮಾನದ ಪೆನ್ನು ಮಾತ್ರ. ಮರುದಿನವೇ ಅವರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದರು: "ಫೋಟೊ ತೆಗ್ದಿದ್ದೀಯಂತೆ ಮಗಾ, ಬಂತಾ?"

ಹದಿನೈದು ದಿನ ಕಳೆದು ಫೋಟೊ ಬಂತು. ನೆಲ ಚೆನ್ನಾಗಿ ಬಂದಿತ್ತು, ಗೋಡೆ ಚೆನ್ನಾಗಿ ಬಂದಿತ್ತು, ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಕು ಕೂಡ ಓದಬಹುದಿತ್ತು. ಕಾರು ಇರಬೇಕಾದಲ್ಲಿ ಸುಣ್ಣ ಒರೆಸಿದ ಹಾಗೆ ಒಂದು ಬಿಳಿ ಗೀರು. ನಾಲ್ಕರಲ್ಲೂ ಹಾಗೆಯೇ. ಗೆಳೆಯ ನೋಡಿ, "ಕಾರು ಹೋದದ್ದಾದರೂ ಗೊತ್ತಾಗ್ತದಲ್ಲ ಮಾರಾಯ" ಎಂದು ನಕ್ಕ. ಅವನ ಅಮ್ಮನಿಗೆ ಅದನ್ನು ತೋರಿಸಲು ನನಗೆ ಮುಖ ಇರಲಿಲ್ಲ. "ರೀಲು ತೊಳೆಯಲು ಕೊಟ್ಟಿದ್ದೇನೆ, ಇನ್ನೂ ಬರಲಿಲ್ಲ" ಎಂದೆ. ಮತ್ತೆ ಎರಡು ಸಲ ಕೇಳಿದರು, ಎರಡು ಸಲವೂ ಅದನ್ನೇ ಹೇಳಿದೆ. ಮೂರನೆಯ ಸಲದ ಮೇಲೆ ಅವರು ಕೇಳಲಿಲ್ಲ.

ಮಕ್ಕಳೇ, ತಪ್ಪು ಎಲ್ಲಾಯಿತು ಎಂಬುದು ಒಂದು ಸಣ್ಣ ಲೆಕ್ಕ. ಕ್ಯಾಮೆರಾದ 15 ಎಂದರೆ ಒಂದು ಸೆಕೆಂಡಿನ 15ರಲ್ಲಿ ಒಂದು ಭಾಗದಷ್ಟು ಹೊತ್ತು ಅದರ ಬಾಗಿಲು ತೆರೆದಿರುತ್ತದೆ. ಕಾರು ಸೆಕೆಂಡಿಗೆ 3 ಮೀಟರು ಓಡುತ್ತದೆ. 300 ಸೆಂಟಿಮೀಟರನ್ನು 15ರಿಂದ ಭಾಗಿಸಿ. 20 ಸೆಂಟಿಮೀಟರು. ಆ ಕಾರಿನ ಉದ್ದವೂ ಅಷ್ಟೇ ಇತ್ತು. ಬಾಗಿಲು ತೆರೆದು ಮುಚ್ಚುವುದರೊಳಗೆ ಕಾರು ತನ್ನ ಉದ್ದದಷ್ಟು ದೂರ ಹೋಗಿಯಾಗಿತ್ತು. ನನ್ನ ಕೈ ಅಲ್ಲಾಡಿರಲಿಲ್ಲ. ಅದಕ್ಕೇ ಕ್ಯಾಲೆಂಡರ್ ಅಷ್ಟು ಸ್ಪಷ್ಟವಾಗಿ ಬಂತು. ಅದೇ ಬಾಗಿಲು ಸೆಕೆಂಡಿನ 500ರಲ್ಲಿ ಒಂದು ಭಾಗ ತೆರೆದಿದ್ದರೆ ಕಾರು 6 ಮಿಲಿಮೀಟರು ಸರಿಯುತ್ತಿತ್ತು. 1000ದಲ್ಲಿ ಒಂದು ಭಾಗವಾದರೆ 3 ಮಿಲಿಮೀಟರು. ಆಗ ಚಪ್ಪಲಿ ಚಕ್ರದ ಅಂಚು ಕೂಡ ಕಾಣುತ್ತಿತ್ತು.

ಹಾಗಾದರೆ 1000ದಲ್ಲಿ ಇಟ್ಟರೆ ಆಯಿತಲ್ಲ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ತೊಡಕು. ಬೇಸಗೆಯಲ್ಲಿ ನಮ್ಮ ತೋಟಕ್ಕೆ ನೀರು ಬಿಡುವುದನ್ನು ನೆನೆಸಿಕೊಳ್ಳಿ. ವೋಲ್ಟೇಜು ಕಡಿಮೆ ಇದ್ದಾಗ ಮರದ ಬುಡ ನೆನೆಯಬೇಕಾದರೆ ಹೆಚ್ಚು ಹೊತ್ತು ಪಂಪು ಓಡಿಸಬೇಕು, ಇಲ್ಲವೇ ದಪ್ಪ ಪೈಪು ಹಾಕಬೇಕು. ಬೆಳಕೂ ಹಾಗೆಯೇ. ಬಾಗಿಲು ತೆರೆದಿರುವ ಹೊತ್ತಿಗೆ ಶಟರ್ ವೇಗ ಎನ್ನುತ್ತಾರೆ. ಬೆಳಕು ಬರುವ ಕಂಡಿಯ ಅಗಲಕ್ಕೆ ಅಪರ್ಚರ್ ಎನ್ನುತ್ತಾರೆ. ಮೂರನೆಯದು ಐಎಸ್‌ಒ. ಅದು ನಮ್ಮ ಅಜ್ಜಂದಿರ ರೇಡಿಯೋದ ವಾಲ್ಯೂಮಿನ ಹಾಗೆ. ದೂರದ ಸ್ಟೇಷನ್ ಸರಿಯಾಗಿ ಕೇಳದಿದ್ದಾಗ ಜೋರು ಮಾಡಿದರೆ ಹಾಡಿನ ಜತೆ ಗೊರಗೊರ ಸದ್ದೂ ಜೋರಾಗುತ್ತದೆ. ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ಬರುವ ರವೆಯಂಥ ಚುಕ್ಕೆಗಳು ಆ ಗೊರಗೊರ ಸದ್ದೇ.

ಹೊರಗಿನ ಪೂರ್ಣ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ನಿನ್ನೆ ಸಂಜೆ ಈ ಸಭಾಂಗಣದ ನೆಲದಲ್ಲಿ ಅಳೆದಾಗ ಸಿಕ್ಕಿದ್ದು ಸುಮಾರು 80 ಲಕ್ಸ್. ಸಾವಿರ ಪಟ್ಟಿಗಿಂತಲೂ ಕಡಿಮೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ಕಣ್ಣು ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಎಫ್/2 ಎಂಬ ಅಗಲ ಕಂಡಿಯ ಲೆನ್ಸ್ ಇದ್ದರೂ 80 ಲಕ್ಸಿನಲ್ಲಿ 500ರ ವೇಗಕ್ಕೆ ಐಎಸ್‌ಒ 6400 ಬೇಕಾಗುತ್ತದೆ. ಇಲ್ಲಿ ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಗುಂಡಿ ಒತ್ತುವ ಮೊದಲೇ ತೀರ್ಮಾನಿಸಬೇಕು. ಓಡುವ ಕಾರಿನ ಮಟ್ಟಿಗೆ ನಾನು ವೇಗವನ್ನು ಉಳಿಸುತ್ತೇನೆ, ಚುಕ್ಕೆಗಳನ್ನು ಸಹಿಸುತ್ತೇನೆ. ಚುಕ್ಕೆ ಇರುವ ಫೋಟೊದಲ್ಲಿ ಕಾರು ಇರುತ್ತದೆ. ಚುಕ್ಕೆ ಇಲ್ಲದ ಮಸಕು ಫೋಟೊದಲ್ಲಿ ಕಾರೇ ಇರುವುದಿಲ್ಲ.

ಇದು ನಾನೇ ಕಂಡುಹಿಡಿದದ್ದೇನಲ್ಲ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬವರು ಓಡುವ ಕುದುರೆಯ ನಾಲ್ಕೂ ಕಾಲು ಒಂದೇ ಸಲ ನೆಲ ಬಿಟ್ಟಿರುತ್ತವೆಯೇ ಎಂದು ತಿಳಿಯಲು 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟರು. ಬಿಸಿಲು ಇದ್ದರೂ ಅವರಿಗೆ ಸಾಲಲಿಲ್ಲ. ಹಿಂದೆ ಬಿಳಿ ಪರದೆ ಕಟ್ಟಿಸಿ ಬೆಳಕು ಹೆಚ್ಚಿಸಿಕೊಂಡರು. ಕಾಲುಗಳು ನೆಲ ಬಿಟ್ಟಿದ್ದವು. ಕಣ್ಣಿಗೆ ಸಿಗದ್ದು ಚಿತ್ರಕ್ಕೆ ಸಿಕ್ಕಿತು.

ನನಗೆ ಈ ಪಾಠ ಸಿಕ್ಕಿದ್ದು ಕಂಬಳದಲ್ಲಿ. ಬಿ.ಇ. ಮುಗಿಸಿ ಕೆಲಸ ಸಿಕ್ಕಿದ ಮೇಲೆ ಕ್ಯಾಮೆರಾ ಕೊಂಡು ಉಪ್ಪಿನಂಗಡಿಯ ವಿಜಯ ವಿಕ್ರಮ ಜೋಡುಕರೆ ಕಂಬಳಕ್ಕೆ ಹೋದೆ. ರಾತ್ರಿಯಿಡೀ ದೊಡ್ಡ ದೀಪಗಳು ಉರಿಯುತ್ತವೆ, ನಮಗೆ ಹಗಲಿನ ಹಾಗೆಯೇ ಕಾಣುತ್ತದೆ. ಕ್ಯಾಮೆರಾಕ್ಕೆ ಮಾತ್ರ ಅದೂ ರಾತ್ರಿಯೇ. ಕೋಣಗಳ ವೇಗ ನಿಮಗೆ ಗೊತ್ತು. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿಸಿದ್ದು ದೇಶಕ್ಕೇ ಸುದ್ದಿಯಾಯಿತು. ಎಂದರೆ ಸೆಕೆಂಡಿಗೆ 10 ಮೀಟರಿಗೂ ಹೆಚ್ಚು. ನನ್ನ ಮಾವನ 15ರಲ್ಲಿ ತೆಗೆದರೆ ಕೋಣ 70 ಸೆಂಟಿಮೀಟರು ಉಜ್ಜಿಕೊಂಡು ಹೋಗುತ್ತದೆ.

ಮೊದಲ ರಾತ್ರಿ ನಾನು ಕರೆಯ ನಡುಭಾಗದಲ್ಲಿ ಬದಿಗೆ ನಿಂತು ನೂರಾರು ಫೋಟೊ ಹಾಳು ಮಾಡಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಅವರ ಮನೆಯ ಕೋಣಗಳೂ ಓಡಲಿಕ್ಕಿದ್ದವು, ನೋಡಿ ನೋಡಿ ಸಾಕಾಗಿ ಹೇಳಿದರು: "ಇಲ್ಲಿ ಎಂತ ಸಿಗ್ತದೆ ನಿಮಗೆ? ಮಂಜೊಟ್ಟಿಯ ಹತ್ತಿರ ಹೋಗಿ. ನಿಮ್ಮ ಕಡೆಗೇ ಬರ್ತಾವೆ." ಹೋದೆ. ಅಡ್ಡಲಾಗಿ ಹಾದುಹೋಗುವಾಗ ಆಗುವ ಮಸಕು, ನಮ್ಮ ಎದುರಿಗೇ ಬರುವಾಗ ಬಹಳ ಕಡಿಮೆ. ಲೆನ್ಸು ಅದೇ, ಬೆಳಕೂ ಅದೇ. ನಿಂತ ಜಾಗ ಬದಲಾಯಿತು, ಅಷ್ಟೇ. ಓಡುವುದನ್ನು ಬಲ್ಲವರಲ್ಲಿ ಎಲ್ಲಿ ನಿಲ್ಲಬೇಕೆಂದು ಮೊದಲು ಕೇಳಬೇಕು ಎಂದು ಅವತ್ತು ಕಲಿತೆ.

ಇನ್ನು ನಿನ್ನೆಯ ಕಥೆಗೆ ಬರುತ್ತೇನೆ. ಮೊದಲು ನನ್ನ ಮೊಬೈಲಿನಲ್ಲಿ ತೆಗೆದು ನೋಡಿದೆ. ಅದು ತಾನಾಗಿ ನೈಟ್ ಮೋಡ್‌ಗೆ ಹೋಯಿತು. ನಾನು ಸಾಫ್ಟ್‌ವೇರಿನವನಾದ್ದರಿಂದ ಇದನ್ನೊಂದು ಹೇಳಲೇಬೇಕು. ನೈಟ್ ಮೋಡ್‌ನಲ್ಲಿ ಫೋನು ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು, ಅವನ್ನು ಒಂದರ ಮೇಲೊಂದು ಹೊಂದಿಸಿ ಒಂದೇ ಚಿತ್ರ ಮಾಡುತ್ತದೆ. ಎಲ್ಲ ಚಿತ್ರಗಳಲ್ಲೂ ಒಂದೇ ಕಡೆ ಇರುವ ವಸ್ತು ಗಟ್ಟಿಯಾಗಿ ಉಳಿಯುತ್ತದೆ. ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಇರುವ ವಸ್ತು ಮಸಕು ನೆರಳಾಗುತ್ತದೆ. ಗೋಡೆಗೆ, ದೇವಸ್ಥಾನದ ಗೋಪುರಕ್ಕೆ, ಕುಳಿತವರಿಗೆ ಅದು ಚೆನ್ನ. ಓಡುವ ಕಾರಿಗೆ ಅದನ್ನು ಬಂದ್ ಮಾಡಲೇಬೇಕು. ಗುಂಡಿ ಒತ್ತಿಹಿಡಿದು ಸಾಲಾಗಿ ಹತ್ತಾರು ಫೋಟೊ ತೆಗೆಯುವ ಬರ್ಸ್ಟ್ ಇದ್ದರೆ ಅದನ್ನು ಬಳಸಿ.

ಆಮೇಲೆ ಕ್ಯಾಮೆರಾ ತೆಗೆದೆ. ನಾನು ತಂದಿದ್ದ ಎರಡು ಬ್ಯಾಟರಿ ದೀಪಗಳನ್ನು ದೂರದ ಬೆಂಚಿನ ಮೇಲೆ ಇಟ್ಟೆ, ಎಲ್ಲ ಕಡೆ ಬೆಳಕು ಬೀಳಲಿ ಎಂದು. ಆಗ ನನ್ನ ಹಳೆಯ ಬೆಂಚಿನ ಗೆಳೆಯ ಒಳಗೆ ಬಂದ. ಅವನು ಎಸ್ಸೆಸ್ಸೆಲ್ಸಿ ಆದಮೇಲೆ ಓದಲಿಲ್ಲ, ಓದುವ ಅನುಕೂಲ ಮನೆಯಲ್ಲಿ ಇರಲಿಲ್ಲ. ಈಗ ಊರಿನಲ್ಲಿ ವಯರಿಂಗ್ ಮತ್ತು ಪಂಪು ರಿಪೇರಿ ಮಾಡುತ್ತಾನೆ. ಆ ಮಿಣುಕುವ ಟ್ಯೂಬ್‌ಲೈಟು ಸರಿಮಾಡಲು ಅವನನ್ನು ಕರೆದಿದ್ದರು. ಏಣಿಯ ಮೇಲಿನಿಂದಲೇ ಕೇಳಿದ: "ಇಡೀ ಹಾಲಿಗೆ ಬೆಳಕು ಎಂತಕ್ಕೆ ಮಾರಾಯ? ಕಾರು ಓಡುವುದು ಒಂದು ಗೆರೆಯಲ್ಲಿ ಅಲ್ವಾ?"

ಸರಿಯಾದ ಮಾತು. ದೀಪದ ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ದೂರ ಕಾಲುಭಾಗವಾದರೆ 16 ಪಟ್ಟು. ಎರಡು ಮೀಟರು ದೂರವಿದ್ದ ದೀಪಗಳನ್ನು ಅವನು ಓಟದ ಗೆರೆಯಿಂದ ಅರ್ಧ ಮೀಟರಿಗೆ ತಂದು ಇಟ್ಟ. ಅಲ್ಲಿ ಅಳೆದರೆ ಸುಮಾರು 1200 ಲಕ್ಸ್. 6400ರಲ್ಲಿದ್ದ ಐಎಸ್‌ಒ 800ಕ್ಕೆ ಇಳಿಯಿತು, ಶಟರ್ 1000ಕ್ಕೆ ಏರಿತು. ಬೆಳಕು ಕಡಿಮೆ ಇದ್ದಾಗ ಅದನ್ನು ಎಲ್ಲರಿಗೂ ಹಂಚಿದರೆ ಯಾರಿಗೂ ಸಾಲುವುದಿಲ್ಲ. ಬೇಕಾದ ಒಂದು ಮೊಳದ ಜಾಗಕ್ಕೆ ಕೊಟ್ಟರೆ ಧಾರಾಳವಾಗುತ್ತದೆ.

ಬ್ಯಾಟರಿ ದೀಪ ಯಾಕೆಂದೂ ಹೇಳಿಬಿಡುತ್ತೇನೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಅದರಲ್ಲಿ ಉರಿಯುವ ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆಯಾಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1000ದ ವೇಗದಲ್ಲಿ ತೆಗೆದರೆ ಒಂದು ಫೋಟೊ ಬೆಳ್ಳಗೆ, ಮುಂದಿನದ್ದು ಕಪ್ಪಗೆ, ಕೆಲವದರಲ್ಲಿ ಅಡ್ಡ ಪಟ್ಟೆ. ಬ್ಯಾಟರಿಯಲ್ಲಿ ಉರಿಯುವ ಹಲವು ದೀಪಗಳಲ್ಲಿ ಈ ತೊಂದರೆ ಇಲ್ಲ.

ಫ್ಲ್ಯಾಷ್ ಹಾಕಬಹುದಿತ್ತಲ್ಲ ಎಂದು ಒಬ್ಬಳು ಹುಡುಗಿ ಕೇಳಿದಳು. ಹಾಕಬಹುದು. ಫ್ಲ್ಯಾಷಿನ ಮಿಂಚು ತುಂಬಾ ಚಿಕ್ಕದು, ಹೆಚ್ಚಾಗಿ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಕಾರು ಕಲ್ಲಿನಂತೆ ನಿಲ್ಲುತ್ತದೆ. ಆದರೆ ನೋಡಿದವರು, "ಇದು ಓಡ್ತಿತ್ತಾ, ಇಟ್ಟು ತೆಗೆದದ್ದಾ?" ಎಂದು ಕೇಳುತ್ತಾರೆ. ಕಾರು ಓಡಿತು ಎಂಬುದು ಕಾಣಬೇಕಾದರೆ ಇನ್ನೊಂದು ದಾರಿ ಇದೆ. ಶಟರನ್ನು 30ರಲ್ಲಿ ಇಟ್ಟು, ಕಾರಿನ ಜತೆಗೇ ಕ್ಯಾಮೆರಾವನ್ನು ಸೊಂಟದಿಂದ ನಿಧಾನ ತಿರುಗಿಸುತ್ತಾ ಗುಂಡಿ ಒತ್ತುವುದು, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸದೆ ಇರುವುದು. ಆಗ ಕಾರು ಸ್ಪಷ್ಟ, ಹಿಂದಿನ ಗೋಡೆ ಗೀರು ಗೀರು. ನನ್ನ ಆ ಹಳೆಯ ಫೋಟೊಕ್ಕೆ ಸರಿ ತಿರುಗು ಮುರುಗು. ಹತ್ತು ತೆಗೆದರೆ ಒಂದು ಸಿಕ್ಕೀತು. ಬೇಜಾರು ಮಾಡಬಾರದು.

ಉಳಿದದ್ದು ಫೋಕಸ್. ಕಂಡಿ ಅಗಲವಾದಾಗ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಬೆರಳಿನಷ್ಟು. ಓಡುವ ಕಾರನ್ನು ಮಂದ ಬೆಳಕಿನಲ್ಲಿ ಕ್ಯಾಮೆರಾ ಹುಡುಕುತ್ತಾ ಕೂತರೆ ಕಾರು ದಾಟಿಹೋಗಿರುತ್ತದೆ. ಅದಕ್ಕೆ ಮೊದಲೇ ನೆಲದಲ್ಲಿ ಸೀಮೆಸುಣ್ಣದ ಒಂದು ಗುರುತು ಹಾಕಿ, ಅದಕ್ಕೆ ಫೋಕಸ್ ಮಾಡಿ, ಅಲ್ಲೇ ಬೀಗ ಹಾಕಿ ಕಾಯಬೇಕು. ಹಲವು ಮೊಬೈಲುಗಳಲ್ಲಿ ಪರದೆಯ ಮೇಲೆ ಬೆರಳು ಒತ್ತಿಹಿಡಿದರೆ ಫೋಕಸ್ ಬೀಗ ಬೀಳುತ್ತದೆ. ಯಕ್ಷಗಾನದ ಫೋಟೊ ತೆಗೆಯುವವರಿಗೆ ಇದು ಗೊತ್ತು. ಧಿಗಿಣದ ಹಿಂದೆ ಓಡುವುದಲ್ಲ. ವೇಷಧಾರಿ ಹಾರಿ ಮೇಲೆ ತಲುಪಿದಾಗ ಒಂದು ಗಳಿಗೆ ನಿಂತಂತೆ ಆಗುತ್ತಾನಲ್ಲ, ಆ ಗಳಿಗೆಗೆ ಕಾಯುವುದು.

ಗುರುತು ಎಲ್ಲಿ ಹಾಕುವುದು? ನನಗೆ ಗೊತ್ತಿರಲಿಲ್ಲ. ಗೆಳೆಯ ಎರಡು ಓಟ ಸುಮ್ಮನೆ ನೋಡಿದ. ಆಮೇಲೆ ಮೂರನೆಯ ಕಿಟಕಿಯ ಎದುರು ಹೋಗಿ ಕಾಲಿನಿಂದ ತೋರಿಸಿದ. "ಇಲ್ಲಿ ನೆಲ ಸ್ವಲ್ಪ ಏರು ಉಂಟು. ಇಲ್ಲಿಗೆ ಬರುವಾಗ ರಬ್ಬರು ಬಿಚ್ಚಿ ಮುಗಿದಿರ್ತದೆ, ಕಾರಿನ ವೇಗ ಇಳೀತದೆ. ಇಲ್ಲಿ ಹಾಕು." ಹಾಕಿದೆ. ಎಂಟು ಕಾರು, ಎಂಟೂ ಸಿಕ್ಕಿದವು. ಎಂಟನೇ ತರಗತಿಯ ಹುಡುಗಿಯ ಕಾರಿನ ಮುಂದಿನ ಎಡ ಚಕ್ರ ನೆಲದಿಂದ ಒಂದು ಬೆರಳು ಮೇಲಿದೆ. ಓಡುವಾಗ ಅದು ಯಾರಿಗೂ ಕಂಡಿರಲಿಲ್ಲ. ಫೋಟೊ ನೋಡಿ ಅವಳು, "ಓ, ಅದಕ್ಕೇ ಇದು ಬಲಕ್ಕೆ ಎಳೀತದೆ" ಎಂದು ಕೂಡಲೇ ಅಚ್ಚು ಬಿಚ್ಚಲು ಕೂತಳು. ಬಹುಮಾನ ಯಾರಿಗೆ ಬಂತೋ, ನಿನ್ನೆ ನನ್ನ ಮಟ್ಟಿಗೆ ಗೆದ್ದವಳು ಅವಳು.

ರಾತ್ರಿ ದೀಪಗಳನ್ನು ಕಟ್ಟಿಡುವಾಗ ನಾನು ಗೆಳೆಯನಿಗೆ ಆ ವಿಷಯ ಹೇಳಿದೆ. ನಿನ್ನ ಅಮ್ಮನಿಗೆ ಮೂರು ಸಲ ಸುಳ್ಳು ಹೇಳಿದ್ದೇನೆ ಎಂದೆ. ಅವರು ಈಗ ಇಲ್ಲ. ಅವನು ವಯರು ಸುತ್ತುತ್ತಾ ಇದ್ದವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ ಹೇಳಿದ: "ಅಮ್ಮನಿಗೆ ನಾನು ಆಗಲೇ ಹೇಳಿದ್ದೆ. ಹಾಳೆ, ಚಪ್ಪಲಿ ತಂದು ಇನ್ನೊಂದು ಕಾರು ಮಾಡಿ ಅಂಗಳದಲ್ಲಿ ಓಡಿಸಿ ತೋರಿಸಿದ್ದೆ. ನಿನಗೆ ಬೇಜಾರು ಆಗ್ತದೆ ಅಂತ ಮತ್ತೆ ಅವರು ಕೇಳ್ಲಿಲ್ಲ."

ಇಪ್ಪತ್ತು ವರ್ಷ ನಾನು ಹೊತ್ತುಕೊಂಡಿದ್ದು ಅದನ್ನು. ಇದಕ್ಕಿಂತ ಹೆಚ್ಚು ನಾನು ಏನೂ ಹೇಳಲಾರೆ.

ಕೊನೆಯದಾಗಿ ಒಂದು ವಿನಂತಿ. ಇಂಥ ಸಮಾರಂಭಗಳ ಆಲ್ಬಮ್ ತೆರೆದರೆ ನಮ್ಮದರಲ್ಲಿ ಮಾತ್ರವಲ್ಲ, ಎಲ್ಲ ಕಡೆ ಕಾಣುವುದು ವೇದಿಕೆ, ಶಾಲು, ಹಾರ, ಸಾಲಾಗಿ ನಿಂತ ತರಗತಿ. ಅದರಲ್ಲಿ ತಪ್ಪೇನಿಲ್ಲ. ಬೆಳಕಿನಲ್ಲಿ ಅಲ್ಲಾಡದೆ ನಿಂತವರ ಫೋಟೊ ಸುಲಭವಾಗಿ ಬರುತ್ತದೆ. ಆದರೆ ಶಾಲೆ ಎಂದರೆ ಹೆಚ್ಚಾಗಿ ಓಡುವವರು. ಖೋ ಖೋ ಆಡುವವರು, ಮಳೆಗಾಲದ ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಹಾಳೆಯ ಕಾರು ಬಿಡುವವರು. ಅವರ ಫೋಟೊ ತೆಗೆಯಲು ಸ್ವಲ್ಪ ಹೆಚ್ಚು ಶ್ರಮ ಬೇಕು, ದೀಪವನ್ನು ಅವರ ಹತ್ತಿರ ಒಯ್ಯಬೇಕು. ಅಷ್ಟು ಶ್ರಮ ನಾವು ಪಡೋಣ. ಫೋಟೊದ ಹಿಂದೆ ಮಾಡಿದವರ ಹೆಸರು, ತರಗತಿ, ತಾರೀಕು ಬರೆದಿಡೋಣ. ಒಂದು ಪ್ರತಿ ಅವರ ಮನೆಗೆ ಕಳುಹಿಸೋಣ. ಪ್ರದರ್ಶನಕ್ಕೆ ಬರಲು ಪುರುಸೊತ್ತು ಸಿಗದ ಅಮ್ಮಂದಿರು ಈಗಲೂ ಇದ್ದಾರೆ.

ನಾನು ತಂದ ಎರಡು ದೀಪಗಳನ್ನು ಮತ್ತು ಒಂದು ಸ್ಟ್ಯಾಂಡನ್ನು ಶಾಲೆಯಲ್ಲೇ ಬಿಟ್ಟು ಹೋಗುತ್ತಿದ್ದೇನೆ. ಕೆಟ್ಟರೆ ಸರಿಮಾಡಿ ಕೊಡುವ ಹೊಣೆಯನ್ನು ನನ್ನ ಗೆಳೆಯ ವಹಿಸಿಕೊಂಡಿದ್ದಾನೆ. ನಿನ್ನೆ ತೆಗೆದ ಎಂಟು ಫೋಟೊಗಳ ಪ್ರತಿ ಬಾಗಿಲ ಬಳಿಯ ಮೇಜಿನ ಮೇಲೆ ಇವೆ. ಹೆಸರು ಬರೆದಿದೆ. ಮಕ್ಕಳೇ, ಹೋಗುವಾಗ ನಿಮ್ಮ ನಿಮ್ಮದನ್ನು ತೆಗೆದುಕೊಂಡು ಹೋಗಿ. ಇವತ್ತೇ ಮನೆಯಲ್ಲಿ ತೋರಿಸಿ.